ಎಂಡ್ ಝೋನಿನಲ್ಲಿ ಮಲಗಿದ್ದ ಯಜಮಾನರು

ನಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಚರಿತ್ರೆ ಏನು ಅಂತ ಯಾರಾದರೂ ಕೇಳಿದರೆ ಈಗಿನ ಕೋಚು ಕೇಳಿದವರನ್ನು ಗೆದ್ದ ಕಪ್ಪುಗಳಿರುವ ಗಾಜಿನ ಬೀರುವಿನ ಮುಂದೆ ನಿಲ್ಲಿಸಿಕೊಂಡು ಹೇಳುತ್ತಾನೆ. ಚೆನ್ನಾಗಿಯೇ ಹೇಳುತ್ತಾನೆ, ಹುಡುಗ ಬುದ್ಧಿವಂತ. ಆದರೆ ಅವನು ಬಂದದ್ದು ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲಿನ ಹಸಿರು ಟರ್ಫ್ ಹಾಸಿದ ಮೇಲೆ. ಅದಕ್ಕೆ ಮುಂಚೆ ಅಲ್ಲಿ ಕೆಂಪು ಮಣ್ಣಿತ್ತು, ಪಾರ್ಥೇನಿಯಂ ಇತ್ತು, ಮಳೆ ಬಂದರೆ ಮೊಣಕಾಲುದ್ದ ಕೆಸರಿತ್ತು, ಉತ್ತರದ ತುದಿಯಲ್ಲಿ ಒಂದು ಸಮಾಧಿ ಇತ್ತು. ಆಗ ಕೋಚು ನಾನೇ. ಹಾಗಾಗಿ ಆ ಭಾಗವನ್ನು ನಾನೇ ಹೇಳಬೇಕು.

ನಾನು ಕಬಡ್ಡಿಯವಳು. ಪೀಣ್ಯದಲ್ಲಿ ಹುಟ್ಟಿ, ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಮಂಡಿ ತರಚಿಕೊಂಡು ಬೆಳೆದವಳು. ಮದುವೆಯಾದ ಮೇಲೆ ಊರಿನ ಈ ತುದಿಗೆ ಬಂದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಆಚೆಗಿರುವ ಈ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಿ.ಟಿ. ಮೇಡಂ ಆದೆ. ಹುಡುಗಿಯರಿಗೆ ಥ್ರೋಬಾಲ್, ಹುಡುಗರಿಗೆ ವಾಲಿಬಾಲ್ ಅಂತ ನೆಮ್ಮದಿಯಾಗಿದ್ದೆ. ಒಂದು ದಿನ ರಿಜಿಸ್ಟ್ರಾರ್ ಕರೆದರು.

“ಮೇಡಂ, ನೀವೊಂದು ಫುಟ್‌ಬಾಲ್ ಟೀಮ್ ಕಟ್ಬೇಕು.”

“ಆಗ್ಲೇ ಇದೆಯಲ್ಲ ಸಾರ್.”

“ಅದಲ್ಲ ಮೇಡಂ. ಅಮೆರಿಕನ್ನು.”

ನಡೆದದ್ದು ಇಷ್ಟು. ನಮ್ಮ ಚೇರ್ಮನ್ನರು ಅಲ್ಲಿಯ ಯಾವುದೋ ವಿಶ್ವವಿದ್ಯಾಲಯದ ಜೊತೆ ಒಪ್ಪಂದಕ್ಕೆ ಅಂತ ಹೋಗಿದ್ದರು. ಆ ಜನ ಇವರನ್ನು ಒಂದು ಮ್ಯಾಚಿಗೆ ಕರೆದುಕೊಂಡು ಹೋದರಂತೆ. ಒಂದು ಇಡೀ ಊರೇ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಕಾಲೇಜು ಹುಡುಗರಿಗೋಸ್ಕರ ಕೂಗುವುದನ್ನು ನೋಡಿ ಚೇರ್ಮನ್ನರಿಗೆ ಹುಚ್ಚು ಹಿಡಿದಿತ್ತು. ಬರುವಾಗ ಅವರು ಬಳಸಿ ಬಿಟ್ಟ ಹೆಲ್ಮೆಟ್ಟು, ಭುಜಕ್ಕೆ ಹಾಕುವ ಪ್ಯಾಡು ಎಲ್ಲವನ್ನೂ ಹಡಗಿಗೆ ಹಾಕಿಸಿ ಬಂದಿದ್ದರು.

“ಸಾರ್, ನಂಗೆ ಆ ಆಟದ ತಲೆಬುಡ ಗೊತ್ತಿಲ್ಲ.”

“ಯಾರಿಗೆ ಗೊತ್ತು ಹೇಳಿ? ನೀವು ಹಿಡಿದು ಬೀಳ್ಸೋ ಆಟದವ್ರು ತಾನೇ? ಅದೇ ಇದೂನು. ನೋಡ್ಕೊಳ್ಳಿ.”

ನೋಡಿಕೊಂಡೆ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನನಗೆ ಅರ್ಥವಾದದ್ದೇನು ಅಂದರೆ, ಅದಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟವರಿಗೆ ಕಾಲಿಗೂ ಕೈಗೂ ವ್ಯತ್ಯಾಸ ಗೊತ್ತಿರಲಿಲ್ಲ. ಎರಡೂ ತುದಿ ಚೂಪಾದ ಒಂದು ಚೆಂಡು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನುಗ್ಗಬೇಕು, ಇಲ್ಲವೇ ಮುಂದೆ ಓಡುವವನಿಗೆ ಎಸೆಯಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ. ಹೋಗಲಿಲ್ಲವೋ, ಚೆಂಡು ಎದುರಿನವರಿಗೆ. ಮೈದಾನದ ಎರಡೂ ತುದಿಯಲ್ಲಿ ಹತ್ತು ಗಜದ ಒಂದೊಂದು ಪಟ್ಟಿ ಇರುತ್ತದೆ, ಅದಕ್ಕೆ ಎಂಡ್ ಝೋನ್ ಅನ್ನುತ್ತಾರೆ. ಚೆಂಡಿನ ಸಮೇತ ಅದರೊಳಗೆ ಹೋದರೆ ಆರು ಪಾಯಿಂಟು. ಹುಡುಗರಿಗೆ ಇದನ್ನೇ ಹೇಳಿದೆ. ಇನ್ನು ಉಳಿದ ನಿಯಮಗಳನ್ನು ಅವರೂ ನಾನೂ ಒದೆ ತಿಂದೇ ಕಲಿತೆವು.

ಒಂದೊಂದು ಕಡೆಗೆ ಹನ್ನೊಂದು ಜನ ಬೇಕು. ನಮ್ಮಲ್ಲಿ ಹೆಲ್ಮೆಟ್ಟುಗಳಿದ್ದವು, ತಲೆಗಳಿರಲಿಲ್ಲ. ಹಾಸ್ಟೆಲ್ಲಿನಲ್ಲಿ ದಪ್ಪಗಿದ್ದವರನ್ನೆಲ್ಲ ಹಿಡಿದು ತಂದೆ. ಅಕ್ಕಪಕ್ಕದ ಹಳ್ಳಿಗಳಿಂದ ಬರುತ್ತಿದ್ದ ಹುಡುಗರನ್ನು ಸೇರಿಸಿದೆ. ನಮ್ಮ ಹೊಸ ಬ್ಲಾಕಿನ ಗಾರೆ ಕೆಲಸಕ್ಕೆ ಅಂತ ರಾಯಚೂರು ಕಡೆಯಿಂದ ಬಂದು ಇಲ್ಲೇ ಬಾಡಿಗೆ ಕೋಣೆಯಲ್ಲಿ ಉಳಿದ ಗಂಡಹೆಂಡಿರ ಮಗ ನಮ್ಮಲ್ಲೇ ಬಿ.ಕಾಂ. ಸೇರಿದ್ದ. ಆಳು ಬಾಗಿಲಿನಷ್ಟು ಅಗಲ, ಮಾತು ಮಾತ್ರ ಮೆತ್ತಗೆ. ಅವನನ್ನೇ ಕ್ಯಾಪ್ಟನ್ ಮಾಡಿದೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ನನ್ನ ಪರಿಚಯದ ಅಕ್ಕ ಒಬ್ಬಳು ಜೆರ್ಸಿ ಹೊಲಿದುಕೊಟ್ಟಳು. ಪ್ಯಾಡು ಹಾಕಿದ ಮೇಲಿನ ಭುಜದ ಅಳತೆಯನ್ನೇ ನಾನು ಕೊಟ್ಟಿದ್ದೆ. ಅವಳು ಅದನ್ನು ನೋಡಿ, ಪಾಪ ಮೇಡಂಗೆ ಅಳತೆ ತೆಗೆಯೋಕೆ ಬರಲ್ಲ ಅಂದುಕೊಂಡು ತಾನೇ ತಿದ್ದಿ ಹೊಲಿದಿದ್ದಳು. ಕೇಳಿದರೆ, “ಇಷ್ಟು ಭುಜ ಮನುಷ್ಯರಿಗೆ ಇರಲ್ಲ ಕಣ್ರೀ ಮೇಡಂ” ಅಂದಳು. ಆ ವರ್ಷವೆಲ್ಲ ನಮ್ಮ ಹುಡುಗರು ಜೆರ್ಸಿಯ ಎರಡೂ ಮಗ್ಗುಲು ಕತ್ತರಿಸಿಕೊಂಡು ಆಡಿದರು.

ಇನ್ನೊಂದು ಪೀಡೆ ನಾನೇ ಅಂಟಿಸಿದ್ದು. ಕಬಡ್ಡಿಯಲ್ಲಿ ಎದುರಾಳಿ ಬರುತ್ತಿದ್ದ ಹಾಗೆ ಪಕ್ಕದವನ ಕೈ ಹಿಡಿದು ಸರಪಳಿ ಕಟ್ಟುತ್ತೇವಲ್ಲ, ನಮ್ಮ ಮುಂದಿನ ಸಾಲಿನ ಹುಡುಗರು ಇಲ್ಲಿಯೂ ಹಾಗೆಯೇ ಕೈಕೈ ಹಿಡಿದು ನಿಲ್ಲುತ್ತಿದ್ದರು. ಈ ಆಟದಲ್ಲಿ ಅದು ತಪ್ಪು. ತಪ್ಪು ತೋರಿಸಲು ರೆಫರಿ ಹಳದಿ ಬಟ್ಟೆ ಎಸೆದು ಎಸೆದು ಸುಸ್ತಾದ. “ಕೈ ಬಿಡ್ರೋ!” ಅಂತ ನಾನು ಕೂಗಿದರೆ, “ಕೈ ಬಿಟ್ರ ಎದಿ ಝಲ್ ಅಂತೈತ್ರೀ ಮೇಡಂ” ಅನ್ನುತ್ತಿದ್ದ ಕ್ಯಾಪ್ಟನ್. ಅದು ಹೋಗುವುದಕ್ಕೆ ಎರಡು ವರ್ಷ ಬೇಕಾಯಿತು.

ಈಗ ಆ ಸಮಾಧಿಯ ವಿಷಯಕ್ಕೆ, ಅದನ್ನು ಕಾಯುತ್ತಿದ್ದ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಹತ್ತು ಗಜ ಆಯಿತೋ ಇಲ್ಲವೋ ಅಂತ ಅಳೆಯಲು ಈ ಆಟದಲ್ಲಿ ಎರಡು ಕೋಲಿಗೆ ಕಟ್ಟಿದ ಒಂದು ಚೈನು ಇರುತ್ತದೆ. ನಮ್ಮಲ್ಲಿ ಅದಿರಲಿಲ್ಲ. ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಭೂಮಿ ಸರ್ವೆ ಮಾಡಲು ಕಲಿಸುವ ಹಳೆಯ ಚೈನು ಬಿದ್ದಿತ್ತು, ಅದನ್ನೇ ಕೇಳಿ ತಂದೆ. ಇಬ್ಬರು ಹುಡುಗರು ಅದನ್ನು ಹಿಡಿದು ಮೈದಾನದ ಮೇಲೆ ಎಳೆದರೋ ಇಲ್ಲವೋ, ಕಾಂಪೌಂಡಿನ ಸಣ್ಣ ಗೇಟಿನಿಂದ ಒಬ್ಬ ಮುದುಕಿ ಕೋಲು ಬೀಸಿಕೊಂಡು ಓಡಿ ಬಂದರು. ಓಡಿ ಅಂದರೆ ಓಡಿಯೇ. ಆ ವಯಸ್ಸಿಗೆ ಆ ವೇಗ ನನ್ನ ಹುಡುಗರಿಗೂ ಇರಲಿಲ್ಲ.

“ಯಾರ್ ಏಳಿದ್ರು ನಿಮಗೆ ಇಲ್ಲಿ ಅಳೆಯಕ್ಕೆ? ಯಾವೋನು ಅವ್ನು ಚೈನ್ ಇಡ್ಕೊಂಡಿರೋನು?” ಅಂದವರೇ ಚೈನಿನ ಮೇಲೆ ದೊಪ್ಪನೆ ಕೂತುಬಿಟ್ಟರು.

ನಾನು ಓಡಿಹೋದೆ. “ಅಜ್ಜಿ, ಏನಾಯ್ತು? ಏಳಿ, ಮಣ್ಣು.”

“ಮಣ್ಣೇ ಕಣವ್ವಾ, ಮಣ್ಗೇ ಅಲ್ವಾ ನಾನ್ ಬಂದಿರೋದು. ಈ ಚೈನ್ ಎಳ್ದಾಗೆಲ್ಲ ನಮ್ದೊಂದೊಂದು ತುಂಡು ಜಮೀನು ಓಗದೆ. ಅಲ್ಲಿ ರೋಡು ಅಂದ್ರು, ಇಲ್ಲಿ ಕಂಪ್ನಿ ಅಂದ್ರು, ಆಮೇಲೆ ಕಾಲೇಜು ಅಂದ್ರು. ಇನ್ನ ಉಳ್ದಿರೋದು ಅದೊಂದೇಯ.” ಕೋಲಿನಿಂದ ಉತ್ತರದ ತುದಿಯನ್ನು ತೋರಿಸಿದರು. “ಅದುನ್ನೂ ಅಳೀತಿದೀರಾ?”

ಅಲ್ಲಿ ಮಂಡಿಯೆತ್ತರದ ಒಂದು ಕಲ್ಲಿನ ಕಟ್ಟೆ ಇತ್ತು. ದೀಪ ಇಡಲು ಒಂದು ಸಣ್ಣ ಗೂಡು. ಸುಣ್ಣ ಬಳಿದದ್ದು ಮಳೆಗೆ ಮಾಸಿತ್ತು. ಅದು ಇಲ್ಲಿನ ಒಕ್ಕಲು ಮನೆತನದ ಯಾರದೋ ಸಮಾಧಿ ಅಂತ ಗೊತ್ತಿತ್ತು. ಈ ಕಡೆ ಎಲ್ಲರೂ ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಹೊಲ ಮಾರಿಹೋದರೂ ಸಮಾಧಿ ಹಾಗೇ ಉಳಿದು ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿಂಗಿನಲ್ಲೂ ಒಂದೊಂದು ಸಿಗುತ್ತದೆ.

ಅಜ್ಜಿಗೆ ಆಟ ಅಂದರೆ ಏನು ಅಂತ ವಿವರಿಸಿದೆ. ನಾಲ್ಕು ಪ್ರಯತ್ನ, ಹತ್ತು ಗಜ, ಆಗದಿದ್ದರೆ ಬಿಟ್ಟುಕೊಡಬೇಕು. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ನಗಲು ಶುರು ಮಾಡಿದರು.

“ಇದಕ್ಕೆ ಅಮೆರಿಕದಿಂದ ಬರ್ಬೇಕಿತ್ತಾ ಮೇಡಮ್ಮ? ನಮ್ ಮೈದುನ್ದೀರು ಬದು ಒತ್ತಿ ಒತ್ತಿ ಜೀವಮಾನವೆಲ್ಲ ಇದೇ ಆಟ ಆಡವ್ರೆ.”

ಅವತ್ತೇ ಅವರು ನನ್ನ ಕೈ ಹಿಡಿದುಕೊಂಡು ಕಟ್ಟೆಯ ಹತ್ತಿರ ಹೋದರು. “ಇದು ನಮ್ಮೆಜಮಾನ್ರು” ಅಂದರು. ಪಕ್ಕದಲ್ಲಿ ಗರಿಕೆ ಬೆಳೆದಿದ್ದ ಬರೀ ನೆಲ ತೋರಿಸಿ, “ಇದು ನಾನು” ಅಂದರು. ಕಾಲೇಜಿಗೆ ಈ ಜಮೀನು ಕೊಡುವಾಗ ಮಕ್ಕಳೆಲ್ಲ ಒಪ್ಪಿದ್ದರೂ ಇವರು ಒಪ್ಪಿರಲಿಲ್ಲವಂತೆ. ಆಗ ಈಗಿನ ಚೇರ್ಮನ್ನರ ತಂದೆ, ವಿಶ್ವವಿದ್ಯಾಲಯ ಕಟ್ಟಿದವರು, ತಾವೇ ಇವರ ಮನೆಗೆ ಬಂದು ಜಗುಲಿಯ ಮೇಲೆ ಕೂತು ಮಾತು ಕೊಟ್ಟರಂತೆ: ಯಜಮಾನರನ್ನು ಯಾರೂ ಮುಟ್ಟಲ್ಲ, ನಿಮ್ಮ ಕಾಲ ಬಂದಾಗ ನಿಮ್ಮನ್ನೂ ಅವರ ಪಕ್ಕದಲ್ಲೇ ಮಲಗಿಸ್ತೀವಿ. ಅಜ್ಜಿಗೆ ಈ ಭೂಮಿಯ ಮೇಲೆ ಉಳಿದಿದ್ದ ಒಂದೇ ಆಸೆ ಅದು. ಅದನ್ನು ಮುಚ್ಚುಮರೆಯಿಲ್ಲದೆ, ಬಸ್ಸಿನಲ್ಲಿ ಸೀಟು ಹಿಡಿದಿಟ್ಟವರ ಹಾಗೆ ಹೇಳುತ್ತಿದ್ದರು.

ಮೈದಾನಕ್ಕೆ ಗೆರೆ ಹಾಕಿದಾಗ ಆ ಸಮಾಧಿ ಸರಿಯಾಗಿ ಉತ್ತರದ ಎಂಡ್ ಝೋನಿನ ಬಲ ಮೂಲೆಗೆ ಬಂತು. ಓಡುವ ಹುಡುಗರು ಕಲ್ಲಿಗೆ ಬಡಿದುಕೊಂಡರೆ ಏನು ಗತಿ? ಹಾಸ್ಟೆಲ್ಲಿನ ಹಳೇ ಹಾಸಿಗೆಗಳನ್ನು ತಂದು ಕಟ್ಟೆಯ ಸುತ್ತ ಸುತ್ತಿ, ಹಗ್ಗ ಕಟ್ಟಿ, ಮೇಲೆ ನೀಲಿ ಟಾರ್ಪಾಲು ಹೊದಿಸಿದೆವು. ಅಜ್ಜಿ ಬಯ್ಯುತ್ತಾರೇನೋ ಅಂತ ಹೆದರಿದ್ದೆ. ಅವರು ಸುತ್ತ ಬಂದು, ಒತ್ತಿ ನೋಡಿ, “ಬದುಕಿದ್ದಾಗ ಚಾಪೆ ಮೇಲೇ ಮಲಗಿದ್ರು. ಈಗ ಸುಖಪಟ್ಕೊಳ್ಲಿ” ಅಂದರು. ಅಲ್ಲಿಂದ ದಿನಾ ಸಂಜೆ ಪ್ರಾಕ್ಟೀಸಿಗೆ ಬಂದು ಆ ಹಾಸಿಗೆಗೆ ಒರಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಯಾರು ಸೋಂಬೇರಿ, ಯಾರು ಹೆದರುಪುಕ್ಕಲ ಅಂತ ನನಗೆ ವರದಿ ಕೊಡುತ್ತಿದ್ದರು. ಚೆಂಡು ಎಸೆಯುವವನಿಗೆ ಅವರಿಟ್ಟ ಹೆಸರು ‘ಗಿಣಿ’. ಅವನು ಕೂಗುತ್ತಿದ್ದ ಇಂಗ್ಲಿಷ್ ಸಂಕೇತಗಳು ಅವರಿಗೆ ಹಾಗೆ ಕೇಳುತ್ತಿದ್ದವು.

ನಮ್ಮ ಮೊದಲನೇ ಹೋಮ್ ಮ್ಯಾಚು ಚೆನ್ನೈನ ಒಂದು ತಂಡದ ಜೊತೆ. ನಾವು ಚೆನ್ನಾಗಿ ಒದೆ ತಿನ್ನುತ್ತಿದ್ದೆವು. ಮೊದಲರ್ಧ ಮುಗಿಯುವಾಗ ಹೇಗೋ ಒಂದು ಚೆಂಡು ನಮ್ಮ ಹುಡುಗನ ಕೈಗೆ ಸಿಕ್ಕಿತು. ಅವನು ಅಜ್ಜಿಯ ಹಳ್ಳಿಯವನೇ, ಓಡಿದನೆಂದರೆ ಗಾಳಿ. ಮುಂದೆ ಒಬ್ಬರೂ ಇಲ್ಲ. ನಾನು ಕೂಗಿ ಕೂಗಿ ಗಂಟಲು ಕಿತ್ತುಕೊಂಡೆ. ಅವನು ಉತ್ತರದ ಗೆರೆಯ ತನಕ ಹೋದ. ಗೆರೆಯ ಹತ್ತಿರ ಗಕ್ಕನೆ ನಿಂತ. ಬಗ್ಗಿ ಶೂ ಲೇಸು ಬಿಚ್ಚತೊಡಗಿದ!

ಹಿಂದಿನಿಂದ ಬಂದ ಚೆನ್ನೈನ ಆಳು ಅವನನ್ನು ಗುದ್ದಿದ ಗುದ್ದಿಗೆ ಚೆಂಡು ಒಂದು ಕಡೆ, ಅವನು ಒಂದು ಕಡೆ, ಬಿಚ್ಚಿದ ಶೂ ಇನ್ನೊಂದು ಕಡೆ.

“ತಲೆ ಇದೆಯೇನೋ ನಿಂಗೆ? ಗೆರೆ ದಾಟಕ್ಕೇನು ದಾಡಿ!” ಅಂತ ನಾನು ಅವನ ಹೆಲ್ಮೆಟ್ಟಿನ ಮೇಲೆ ಕುಟ್ಟಿದೆ. ಪೆಟ್ಟು ನನ್ನ ಕೈಗೇ ಬಿತ್ತು.

“ಶೂ ಹಾಕ್ಕೊಂಡ್ ಎಂಗ್ ಓಗ್ಲಿ ಮೇಡಂ? ಅಲ್ಲಿ ತಾತ ಮಲಗವ್ರೆ” ಅಂದ, ಅಳುವ ದನಿಯಲ್ಲಿ.

ಚೆನ್ನೈನವರಿಗೆ ಇದನ್ನು ನಾನು ಅರೆಬರೆ ತಮಿಳಿನಲ್ಲಿ ವಿವರಿಸಿದಾಗ ಅವರ ಕೋಚು ನಗಲಿಲ್ಲ. ದ್ವಿತೀಯಾರ್ಧದಲ್ಲಿ ಅವರ ಹುಡುಗರೂ ಆ ಮೂಲೆಗೆ ಹೋಗುವುದನ್ನು ಬಿಟ್ಟರು. ನಮ್ಮ ಮೈದಾನದಲ್ಲಿ ಆವತ್ತು ಎರಡೂ ತಂಡದವರು ಒಂದೇ ಕಡೆ ನುಗ್ಗಾಡಿಕೊಂಡು ಆಡಿದರು. ಮ್ಯಾಚು ಮುಗಿದ ಮೇಲೆ ಅಜ್ಜಿ ಹುಡುಗರನ್ನೆಲ್ಲ ಕರೆದು ಕೂರಿಸಿಕೊಂಡು, “ಅವ್ರು ಒಲದಲ್ಲಿ ಮಲಗಿದ್ರೆ ಎಮ್ಮೆ ಪಕ್ಕದಲ್ಲೇ ಓದ್ರೂ ಏಳ್ತಿರ್ಲಿಲ್ಲ. ನಿಮ್ಮ ಶೂಗೆ ಎಚ್ರಾಯ್ತಾರಾ? ಧೈರ್ಯವಾಗಿ ಬನ್ರೋ” ಅಂದರು. ಆಮೇಲೆ ಹುಡುಗರು ಶೂ ಬಿಚ್ಚುವುದನ್ನು ಬಿಟ್ಟರು. ಆದರೂ ಗೆರೆ ದಾಟಿದ ಮೇಲೆ ಆ ಕಡೆ ತಿರುಗಿ ಎದೆ ಮುಟ್ಟಿಕೊಳ್ಳುತ್ತಿದ್ದರು. ಆರು ಪಾಯಿಂಟಿಗೆ ನಮ್ಮವರು ಕುಣಿದದ್ದನ್ನು ನಾನು ನೋಡಿಲ್ಲ.

ಮಹಾಲಯ ಅಮಾವಾಸ್ಯೆಗೆ ಪ್ರಾಕ್ಟೀಸು ರಜೆ. ಆವತ್ತು ಹಾಸಿಗೆ ಬಿಚ್ಚಿ, ಕಟ್ಟೆ ತೊಳೆದು, ಸುಣ್ಣ ಬಳಿದು ಅಜ್ಜಿಯ ಮನೆಯವರು ಎಡೆ ಇಡುತ್ತಿದ್ದರು. ಮುದ್ದೆ, ಮಾಂಸದ ಸಾರು, ವಡೆ, ಒಂದು ಕಟ್ಟು ಬೀಡಿ. ಮಿಕ್ಕಿದ್ದು ನಮ್ಮ ತಂಡಕ್ಕೆ. ಅಸ್ಸಾಮಿನ ಹುಡುಗನೊಬ್ಬ ಮುದ್ದೆಯನ್ನು ಅಗಿದು ಅಗಿದು ಕಣ್ಣು ಬಿಡುತ್ತಿದ್ದಾಗ ಅಜ್ಜಿ ಅವನ ಗಂಟಲು ಸವರಿ, “ಅಗೀಬ್ಯಾಡ ಮಗಾ, ನುಂಗು” ಅಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ವರ್ಷಗಳು ಹೋದವು. ಸೋಲುತ್ತಿದ್ದ ನಾವು ಗೆಲ್ಲಲು ಶುರು ಮಾಡಿದೆವು. ಹೈದರಾಬಾದಿಗೆ ಹೋಗಿ ಒಂದು ಕಪ್ಪು ತಂದೆವು. ಕ್ಯಾಪ್ಟನ್ ಓದು ಮುಗಿಸಿ ಇಲ್ಲೇ ಕಂಪನಿಯೊಂದರ ಅಕೌಂಟ್ಸಿನಲ್ಲಿ ಕೆಲಸಕ್ಕೆ ಸೇರಿದರೂ ಭಾನುವಾರ ಹೊಸಬರಿಗೆ ಕಲಿಸಲು ಬರುತ್ತಿದ್ದ. ಚೇರ್ಮನ್ನರು ಖುಷಿಯಾದರು. ಅವರು ಖುಷಿಯಾದದ್ದೇ ತೊಂದರೆಯಾಯಿತು. ದೇಶದ ಎಲ್ಲ ಕಡೆಯ ತಂಡಗಳನ್ನು ಕರೆದು ನಮ್ಮಲ್ಲೇ ಪಂದ್ಯಾವಳಿ ಮಾಡಬೇಕು, ಅದಕ್ಕೆ ಟರ್ಫ್ ಹಾಸಬೇಕು ಅಂತ ತೀರ್ಮಾನವಾಯಿತು. ಟರ್ಫಿನ ಕೆಳಗೆ ಜಲ್ಲಿ, ಪೈಪು ಎಲ್ಲ ಬರುತ್ತದೆ. ಅದರ ನಡುವೆ ಸಮಾಧಿ ಇರುವ ಹಾಗಿಲ್ಲ.

ಮೀಟಿಂಗಿನಲ್ಲಿ ನಾನು ಕೇಳಿದೆ. “ಅಜ್ಜಿಗೆ ದೊಡ್ಡ ಸಾಹೇಬ್ರು ಮಾತು ಕೊಟ್ಟಿದ್ರಲ್ಲ?”

ರಿಜಿಸ್ಟ್ರಾರ್ ಕಾಗದ ಸರಿಸುತ್ತ, “ಅದು ಬಾಯಿ ಮಾತು ಮೇಡಂ” ಅಂದರು.

ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ನಾನು ಏನು ಮಾತಾಡುತ್ತೇನೆ ಅನ್ನುವುದು ನನ್ನ ಕೈಯಲ್ಲಿರುವುದಿಲ್ಲ. “ಬಾಯಿ ಮಾತು ಅಂದ್ರೆ ಮಾತಲ್ವಾ ಸಾರ್? ನೀವೀಗ ಆಡ್ತಿರೋದು ಎಲ್ಲಿಂದ?” ಅಂದುಬಿಟ್ಟೆ. ಮೇಜಿನ ಸುತ್ತ ಇದ್ದವರೆಲ್ಲ ತಲೆ ತಗ್ಗಿಸಿದರು.

ಚೇರ್ಮನ್ನರು ಕೆಟ್ಟವರಲ್ಲ. ನನ್ನನ್ನು ಆಚೆ ಕರೆದು, ಕಾಫಿ ತರಿಸಿ, “ಮೈದಾನ ಸರಿಸೋಕೆ ಆಗುತ್ತಾ ನೋಡಿ ಮೇಡಂ, ಆಗುತ್ತೆ ಅಂದ್ರೆ ಸರಿಸೋಣ. ಆದ್ರೆ ಆ ಅಜ್ಜಿನ ಹೊಸದಾಗಿ ಕ್ಯಾಂಪಸ್ ಒಳಗೆ ಹೂಳೋಕೆ ಮಾತ್ರ ನಂಗೆ ಆಗಲ್ಲ. ಹಾಸ್ಟೆಲ್ ಕಿಟಕಿ ಎದುರಿಗೇ ಬರುತ್ತೆ. ಪೇರೆಂಟ್ಸ್ ನನ್ನ ಬಿಡ್ತಾರಾ?” ಅಂದರು. ಅವರ ಮುಖ ನೋಡಿದರೆ ಅವರಿಗೂ ಊಟ ಸೇರಿರಲಿಲ್ಲ.

ಭಾನುವಾರ ನಾನು, ಕ್ಯಾಪ್ಟನ್ ಸೇರಿ ಮೈದಾನ ಅಳೆದೆವು. ದಕ್ಷಿಣಕ್ಕೆ ರಾಜಕಾಲುವೆ. ಪೂರ್ವಕ್ಕೆ ಹಾಸ್ಟೆಲ್ಲು. ಪಶ್ಚಿಮಕ್ಕೆ ಸಾಫ್ಟ್‌ವೇರ್ ಕಂಪನಿಯ ಗೋಡೆ. ಅಡ್ಡ ತಿರುಗಿಸಿ ನೋಡಿದೆವು, ಓರೆಯಾಗಿ ನೋಡಿದೆವು. ಎಲ್ಲಿಟ್ಟರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಯಜಮಾನರ ಎದೆಯ ಮೇಲೇ. ಕ್ಯಾಪ್ಟನ್ ನೆಲದ ಮೇಲೆ ಕೂತು, “ಆಟನ ಬ್ಯಾಡ ಬಿಡ್ರೀ ಮೇಡಂ” ಅಂದ.

ಅಜ್ಜಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಅವರ ಮನೆ ಈಗ ಐದಂತಸ್ತಿನ ಕಟ್ಟಡ. ಮೇಲೆಲ್ಲ ಪಿ.ಜಿ., ಕೆಳಗೆ ಅವರ ಇಬ್ಬರು ಗಂಡುಮಕ್ಕಳ ಸಂಸಾರ, ಪಾರ್ಕಿಂಗಿನ ಮೂಲೆಯಲ್ಲಿ ಅಜ್ಜಿಯ ಒಂದು ಎಮ್ಮೆ. ಮಕ್ಕಳಿಗೆ ವಿಷಯ ಆಗಲೇ ಗೊತ್ತಿತ್ತು, ಒಪ್ಪಿಯೂ ಇದ್ದರು. ದೊಡ್ಡ ಮಗ, “ಕಾಲ ಬದಲಾಗದೆ ಮೇಡಂ. ಊರಿನ ಸ್ಮಶಾನದಲ್ಲೂ ಜಾಗ ಇಲ್ಲ ಅಂತ ಬೀಗ ಹಾಕವ್ರೆ. ಅಮ್ಮಂಗೆ ಕರೆಂಟಿನ ಒಲೆಯೇ ಗತಿ. ಅದೇ ಸುಲಭ” ಅಂದ. ಎಮ್ಮೆಯ ಮೈ ತಿಕ್ಕುತ್ತಿದ್ದ ಅಜ್ಜಿಗೆ ಎಲ್ಲವೂ ಕೇಳಿಸಿತು.

ನನ್ನ ಕಡೆ ನೋಡಿದರು. “ಸುಡ್ತಾರಂತಾ ನನ್ನ?”

ಅವರು ಎಮ್ಮೆಯ ಬೆನ್ನಿಗೆ ಹಣೆ ಒತ್ತಿಕೊಂಡು ನಿಂತುಬಿಟ್ಟರು. ನಾನು ಹೊರಗೆ ಬಂದು ಸ್ಕೂಟರಿನ ಮೇಲೆ ಕೂತು ಅತ್ತೆ. ಮೇಲಿನಿಂದ ಪಿ.ಜಿ. ಹುಡುಗಿಯರು ನೋಡುತ್ತಿದ್ದರು, ನೋಡಲಿ ಅಂತ ಅತ್ತೆ.

ಒಂದು ವಾರ ಅಜ್ಜಿ ಮೈದಾನಕ್ಕೆ ಬರಲಿಲ್ಲ. ಹುಡುಗರು ಪ್ರಾಕ್ಟೀಸಿನಲ್ಲಿ ಚೆಂಡನ್ನು ಉತ್ತರದ ಕಡೆಗೆ ಒಯ್ಯಲೇ ಇಲ್ಲ. ಆಮೇಲೆ ಒಂದು ಸಂಜೆ ಸಣ್ಣ ಗೇಟು ಕಿರ್ ಅಂತು. ಅಜ್ಜಿ ಹೊಸ ಸೀರೆ ಉಟ್ಟಿದ್ದರು. ಎಲ್ಲಿಗೋ ಹೋಗಿ ಬಂದವರ ಹಾಗೆ ಮುಖ ಬಿಸಿಲಿಗೆ ಕಪ್ಪಾಗಿತ್ತು.

“ಮೇಡಮ್ಮ, ನಾನು ಅವ್ರತ್ರ ಓಗಕ್ಕಾಗಕಿಲ್ಲ ತಾನೇ?”

“ಇಲ್ಲ ಅಜ್ಜಿ.”

“ಅಂಗಾದ್ರೆ ಅವ್ರೇ ನನ್ ತಾವ ಬರ್ಲಿ. ನಮ್ ತವ್ರಿಗೆ ಓಗಿದ್ದೆ. ತಮ್ಮ ಇನ್ನೂ ರಾಗಿ ಬೆಳೀತಾವ್ನೆ. ಬಾವಿ ಪಕ್ಕ ಒಂಗೆ ಮರದ ಕೆಳಗೆ ಇಬ್ಬುರ್ಗೂ ಜಾಗ ಕೊಡ್ತಾನಂತೆ.”

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಂಬಲಾಗಲಿಲ್ಲ. ಮದುವೆಯಾಗಿ ಹೋದ ಹೆಣ್ಣನ್ನು ತವರಿನ ಹೊಲದಲ್ಲಿ ಮಣ್ಣು ಮಾಡುವುದನ್ನೇ ಈ ಕಡೆ ಯಾರೂ ಕೇಳಿಲ್ಲ. ಅದರ ಮೇಲೆ ಗಂಡನನ್ನೂ ಅಗೆದು ಅಲ್ಲಿಗೆ ಒಯ್ಯುವುದೇ? ಮಕ್ಕಳು ಕೆಂಡಾಮಂಡಲವಾದರು. “ಸತ್ತು ಇಷ್ಟು ವರ್ಷ ಆದ್ಮೇಲೆ ನಮ್ಮಪ್ಪನ್ನ ಮನೆಅಳಿಯ ಮಾಡ್ತೀಯಾ? ಜನ ಮುಖಕ್ಕೆ ಉಗೀತಾರೆ” ಅಂದ ಚಿಕ್ಕ ಮಗ.

“ಉಗೀಲಿ, ಒರೆಸ್ಕೋ” ಅಂದರು ಅಜ್ಜಿ. “ಅವ್ರ ಮನೇಗೆ ಬಂದಾಗ ನಾನಿನ್ನೂ ಎರಡು ಜಡೆ ಆಕ್ಕೊಳ್ಳೋ ಉಡ್ಗಿ. ಅವ್ರ ಒಲ, ಅವ್ರ ದನ, ಅವ್ರ ತಾಯಿ. ಒಂದ್ ಅಬ್ಬಕ್ಕೆ ತವ್ರಿಗೆ ಕರ್ಕೊಂಡೋಗಿ ಅಂದ್ರೆ ರಾಗಿ ಕಣ ಅನ್ನೋರು, ಎತ್ತಿಗೆ ಉಷಾರಿಲ್ಲ ಅನ್ನೋರು. ಈಗ ಯಾವ್ ಕಣ ಐತೆ? ಬರ್ಲಿ.”

ದೊಡ್ಡ ಮಗ ಪುರೋಹಿತರಿಗೆ ಫೋನು ಮಾಡಿದ. ನಾನು ಮನಸ್ಸಿನಲ್ಲೇ ಶಿಳ್ಳೆ ಹೊಡೆದೆ.

ಪುರೋಹಿತರು ಹೇಳಿದ ದಿನ ಬೆಳಿಗ್ಗೆ ಮಕ್ಕಳಿಬ್ಬರೂ ಪೂಜೆ ಮಾಡಿ ಗುದ್ದಲಿ ಹಾಕಿದರು. ಪಿ.ಜಿ. ನಡೆಸುವ ಕೈಗಳು, ನಾಲ್ಕು ಏಟಿಗೆ ಬೊಬ್ಬೆ ಬಂತು. ಕ್ಯಾಪ್ಟನ್ ಮುಂದೆ ಬಂದು, “ನಾ ಅಗೀಲೇನ್ರೀ ಅಜ್ಜಿ?” ಅಂತ ಕೇಳಿದ. ಅವರು ಹೂಂ ಅಂದರು. ಉಳಿದವರೂ ಸರದಿಯಲ್ಲಿ ಇಳಿದರು. ಸಿಕ್ಕಿದ್ದು ಸ್ವಲ್ಪ ಎಲುಬು, ಮಿಕ್ಕಿದ್ದು ಮಣ್ಣು. ಅಜ್ಜಿ ತಾವೇ ಅದನ್ನು ಹೊಸ ಮಡಕೆಯೊಳಗೆ ತುಂಬಿ ಬಿಳಿ ಬಟ್ಟೆ ಕಟ್ಟಿದರು. ಮಡಕೆಯನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಚೇರ್ಮನ್ನರು ಬಂದು ಕೈ ಮುಗಿದು ನಿಂತರು. “ಅಪ್ಪ ಕೊಟ್ಟ ಮಾತು ನಾನು ಉಳಿಸ್ಲಿಲ್ಲಮ್ಮ” ಅಂದರು.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಇಲ್ಲ, ಉಳಿಸ್ಲಿಲ್ಲ” ಅಂದರು. ಮಡಕೆಯನ್ನು ಸೊಂಟಕ್ಕೆ ಎತ್ತಿಕೊಂಡು, “ಬಸ್ಸಾದ್ರೂ ಕೊಡಪ್ಪ” ಅಂದರು.

ತಂಡ ಬೇರೆ ಊರಿಗೆ ಮ್ಯಾಚಿಗೆ ಹೋಗುವ ಬಸ್ಸನ್ನೇ ಕೊಟ್ಟರು. ಡ್ರೈವರ್ ಮೊದಲು ತಕರಾರು ಮಾಡಿ, ಆಮೇಲೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿದ. ಮಕ್ಕಳು ಕಾರಿನಲ್ಲಿ ಹಿಂದೆ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಡಕೆ ಇಟ್ಟುಕೊಂಡು ಅಜ್ಜಿ, ಪಕ್ಕದಲ್ಲಿ ನಾನು, ಹಿಂದೆ ಇಡೀ ತಂಡ. ಶುರುವಿನಲ್ಲಿ ಎಲ್ಲರೂ ಗುಮ್ಮೆಂದು ಕೂತಿದ್ದರು. ಆನೇಕಲ್ ದಾಟಿದ ಮೇಲೆ ಅಜ್ಜಿಯೇ ಹಿಂದೆ ತಿರುಗಿ, “ಏನ್ರೋ, ದಿಬ್ಬಣ ಇಂಗಿರ್ತದಾ? ಅಳಿಯನ್ನ ಕರ್ಕೊಂಡೋಗ್ತಾ ಇರೋದು!” ಅಂದರು. ಆ ವರ್ಷ ಚೆಂಡು ಎಸೆಯುತ್ತಿದ್ದ ಗಿಣಿ ಹಾಡು ಹಾಕಿದ. ಕುಣಿಯಲಿಲ್ಲ ಅಷ್ಟೇ, ಬೇರೆಲ್ಲ ಆಯಿತು. ದಾರಿಯುದ್ದಕ್ಕೂ ಹೊಸ ಲೇಔಟುಗಳ ಬಣ್ಣಬಣ್ಣದ ಬಾವುಟಗಳು ಸಾಲಾಗಿ ನಿಂತಿದ್ದವು. ಅವು ಬಂದಾಗ ಮಾತ್ರ ಅಜ್ಜಿ ಮಾತು ನಿಲ್ಲಿಸಿ ಮಡಕೆಯನ್ನು ಇನ್ನಷ್ಟು ಒತ್ತಿ ಹಿಡಿದುಕೊಳ್ಳುತ್ತಿದ್ದರು.

ತವರಿನಲ್ಲಿ ಕಾದಿದ್ದ ತಮ್ಮನೂ ಮುದುಕನೇ. ಅಕ್ಕನ ಕಾಲಿಗೆ ಬಿದ್ದು, ಮಡಕೆಯ ಮುಂದೆ ನಿಂತು, “ಬಾ ಭಾವ” ಅಂದ. ಜೀವವಿದ್ದವರನ್ನು ಕರೆದ ಹಾಗೆಯೇ ಕರೆದ. ಹೊಂಗೆ ಮರದ ಕೆಳಗೆ ಗುಂಡಿ ತೆಗೆದಿಟ್ಟಿದ್ದರು. ಮಕ್ಕಳು ಮಡಕೆ ಇಳಿಸಿ ಮಣ್ಣು ಎಳೆದರು, ಹಾಲು ತುಪ್ಪ ಬಿಟ್ಟರು. ದೊಡ್ಡ ಮಗ ಆಗ ಅತ್ತ. ಅಪ್ಪ ಸತ್ತ ದಿನ ನಾನು ಅತ್ತಿರಲಿಲ್ಲ ಮೇಡಂ ಅಂತ ಆಮೇಲೆ ನನ್ನ ಹತ್ತಿರ ಹೇಳಿಕೊಂಡ.

ಅಜ್ಜಿ ತಮ್ಮನನ್ನು ಕರೆದರು. “ಈ ಜಾಗ ಮಾರಕಿಲ್ಲ ತಾನೇ?”

“ನಾನಿರೋಗಂಟ ಮಾರಕಿಲ್ಲ ಕಣಕ್ಕ.”

“ಅಂಗಾದ್ರೆ ನಿನಗಿಂತ ಮುಂಚೆ ನಾನೋಗ್ತೀನಿ ಬಿಡು” ಅಂದರು ಅಜ್ಜಿ, ಅಷ್ಟು ಸಲೀಸಾಗಿ.

ಎಲ್ಲ ಮುಗಿದು ಜನ ಊಟಕ್ಕೆ ಏಳುತ್ತಿದ್ದರು. ನಾನು ತಿರುಗಿ ನೋಡಿದರೆ ಅಜ್ಜಿ ಸೆರಗು ಬಿಗಿದುಕೊಂಡು, ಹಸಿ ಮಣ್ಣಿನ ದಿಬ್ಬದ ಪಕ್ಕದಲ್ಲಿ, ರಾಗಿ ಕೂಳೆಯ ಮೇಲೆ ಕಾಲು ಚಾಚಿ ಮಲಗಿಬಿಟ್ಟಿದ್ದರು. “ಅಯ್ಯೋ, ಅಪಶಕುನ ಕಣಮ್ಮ, ಏಳು!” ಅಂತ ಮಕ್ಕಳು ಓಡಿ ಬಂದರು. ನಾನು ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದೆ.

ಅಜ್ಜಿ ಕಣ್ಣು ಮುಚ್ಚಿದ್ದರು. ಮೊಣಕೈಯಿಂದ ಆ ಮಣ್ಣನ್ನು ಮೆಲ್ಲಗೆ ನೂಕಿ, ಗಂಡನಿಗೆ ಅಂದರು: “ವಸಿ ಆ ಕಡೀಕೆ ಜರುಗಿ. ಇದು ನನ್ ತವ್ರು.”